ಅನಾಟಮಿ ತಲೆಗೆ ಹತ್ತುತ್ತಿಲ್ಲ. ಕನ್ನಡ ಮೀಡಿಯಂನಿಂದ ಬಂದವರು ಹೇಗೆ ಓದಿದಿರಿ?

ಹಾನಗಲ್_ಹುಡುಗಿ
ಎಲ್ಲರಿಗೂ ನಮಸ್ಕಾರ. ನಾನು ಎಂಬಿಬಿಎಸ್ ಮೊದಲ ವರ್ಷದಲ್ಲಿದ್ದೇನೆ. ಹತ್ತನೇ ತರಗತಿವರೆಗೆ ಊರಿನ ಸರ್ಕಾರಿ ಶಾಲೆ, ಕನ್ನಡ ಮೀಡಿಯಂ. ಪಿಯುಸಿಯಲ್ಲಿ ಇಂಗ್ಲಿಷಿಗೆ ಒಗ್ಗಿಕೊಳ್ಳಲು ಆರು ತಿಂಗಳು ಬೇಕಾಯಿತು. ಈಗ ಮತ್ತೆ ಅದೇ ಪಾಡು.

ಹೋದ ವಾರ ಮೊದಲ ಇಂಟರ್ನಲ್ಸ್ ಮುಗಿಯಿತು. ದೇಹದ ಕೆಲಸ ಹೇಳುವ ಫಿಸಿಯಾಲಜಿಯಲ್ಲಿ 50ಕ್ಕೆ 31. ದೇಹದ ರಚನೆ ಹೇಳುವ ಅನಾಟಮಿಯಲ್ಲಿ 16. ಓದದೆ ಬಂದ ಮಾರ್ಕ್ಸ್ ಅಲ್ಲ ಇದು. ಬ್ರೇಕಿಯಲ್ ಪ್ಲೆಕ್ಸಸ್, ಅಂದರೆ ಕೈಗೆ ಹೋಗುವ ನರಗಳ ಜಾಲ, ಅದೊಂದನ್ನೇ ಹನ್ನೆರಡು ಸಲ ಬಿಡಿಸಿದ್ದೇನೆ. ರಾತ್ರಿ ಬರುತ್ತದೆ. ಬೆಳಿಗ್ಗೆ ಎದ್ದರೆ ಅದರ ಕಾರ್ಡ್ಸ್ (ಹುರಿಗಳು) ಎಲ್ಲಿ ಶುರುವಾಗುತ್ತವೆ ಅನ್ನುವುದೇ ಮರೆತಿರುತ್ತದೆ.

ವೈವಾದಲ್ಲಿ, ಅಂದರೆ ಬಾಯಿ ಪರೀಕ್ಷೆಯಲ್ಲಿ, ಆದದ್ದು ಇನ್ನೂ ಮನಸ್ಸಿನಿಂದ ಹೋಗಿಲ್ಲ. ಮೇಡಂ ನನ್ನ ಕೈಗೆ ಕ್ಲಾವಿಕಲ್ (ಕುತ್ತಿಗೆ ಕೆಳಗಿನ ಅಡ್ಡ ಎಲುಬು) ಕೊಟ್ಟು ಯಾವ ಕಡೆಯದು ಅಂದರು. ಬಲಗಡೆಯದು ಅಂದೆ, ಸರಿಯಾಗಿತ್ತು. ಹೇಗೆ ಗೊತ್ತಾಯಿತು ಅಂದರು. ಒಂದು ತುದಿ ಗುಂಡಗಿದೆ, ಅದು ಎದೆಯ ಕಡೆ. ಇನ್ನೊಂದು ಚಪ್ಪಟೆ, ಅದು ಹೆಗಲ ಕಡೆ. ಕೆಳಮೈಯಲ್ಲಿ ಉದ್ದಕ್ಕೆ ಒಂದು ಸಣ್ಣ ಕಾಲುವೆ. ಇಷ್ಟೂ ನನ್ನ ಬೆರಳಿಗೆ ಸಿಗುತ್ತಿತ್ತು. ಬಾಯಿಗೆ ಇಂಗ್ಲಿಷ್ ಬರಲಿಲ್ಲ. ಓದಿಕೊಂಡು ಬಾ ಅಂತ ಕಳಿಸಿದರು.

ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಂಡು ಓದಿದರೆ ಒಳ್ಳೆಯದಾ, ಸುಮ್ನೆ ಟೈಮ್ ಹಾಳಾ? ರೂಮ್‌ಮೇಟ್ ಬೇಡವೇ ಬೇಡ ಅನ್ನುತ್ತಾಳೆ. ದಾಟಿದವರು ಹೇಳಿ.

ಗಂಗಾವತಿ_99
ನನ್ನದೂ ಇದೇ ಕಥೆ. ಉತ್ತರಕ್ಕೆ ಕಾಯುತ್ತಿದ್ದೇನೆ.

ರಾತ್ರಿ_ಡ್ಯೂಟಿ
ತಂಗಿ, ಮೊದಲ ಇಂಟರ್ನಲ್ಸ್‌ನಲ್ಲಿ ನನಗೆ 11 ಬಂದಿತ್ತು. ಈಗ ಸರ್ಜರಿ ಪಿಜಿ ಮಾಡುತ್ತಿದ್ದೇನೆ. ಆ 16 ನೋಡಿ ಹೆದರಬೇಡ.

ಆದರೆ ಕನ್ನಡಕ್ಕೆ ಬರೆದುಕೊಳ್ಳುವುದು ಬೇಡ. ಒಂದು ವರ್ಷದಲ್ಲಿ ಕೈ, ಕಾಲು, ಎದೆ, ಹೊಟ್ಟೆ, ತಲೆ, ಕತ್ತು, ಮೆದುಳು ಎಲ್ಲ ಮುಗಿಯಬೇಕು. ಜೊತೆಗೆ ಅಂಗಾಂಶದ ಹಿಸ್ಟಾಲಜಿ, ಭ್ರೂಣದ ಎಂಬ್ರಿಯಾಲಜಿ. ಅನುವಾದಕ್ಕೆ ಪುರುಸೊತ್ತು ಎಲ್ಲಿದೆ? ಅನಾಟಮಿ ಕೂತು ಓದುವ ವಿಷಯವೂ ಅಲ್ಲ. ದೇಹ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲ್‌ನಲ್ಲಿ ಕಡೆಯ ಸಾಲಿನಲ್ಲಿ ನಿಲ್ಲುತ್ತೀಯಾ? ಟೇಬಲ್ ಪಕ್ಕಕ್ಕೆ ಬಾ. ಕೈಗೆ ಫೋರ್ಸೆಪ್ಸ್ ತಗೋ. ಮೀಡಿಯನ್ ನರವನ್ನು ಕಂಕುಳಿನಿಂದ ಅಂಗೈವರೆಗೆ ನೀನೇ ಬಿಡಿಸಿಕೊಂಡು ಹೋದರೆ ಅದು ಮರೆಯುವುದಿಲ್ಲ. ಬರೀ ಪುಸ್ತಕದಲ್ಲಿ ಇಪ್ಪತ್ತು ಸಲ ಓದಿದರೂ ಮರೆಯುತ್ತದೆ.

ಎಲುಬಿನ_ಟೀಚರ್
ಅನುವಾದ ಬೇಡ ಅನ್ನುವುದನ್ನು ಅರ್ಧ ಒಪ್ಪುತ್ತೇನೆ. ಇನ್ನರ್ಧ ಒಪ್ಪುವುದಿಲ್ಲ. ಇಪ್ಪತ್ತು ವರ್ಷ ಅನಾಟಮಿ ಕಲಿಸಿದ್ದೇನೆ. ಮಕ್ಕಳು ಮರೆಯುವುದು ಭಾಗವನ್ನಲ್ಲ, ಹೆಸರನ್ನು. ಆ ಹೆಸರಿಗೆ ಅರ್ಥ ಇದೆ ಅನ್ನುವುದನ್ನೇ ನಾವು ಹೇಳಿಕೊಡುವುದಿಲ್ಲ.

ನಿನ್ನ ಕೈಗೆ ಕೊಟ್ಟ ಕ್ಲಾವಿಕಲ್ ಅಂದರೆ ಲ್ಯಾಟಿನ್‌ನಲ್ಲಿ ಚಿಕ್ಕ ಕೀಲಿಕೈ. ಮೊಣಕಾಲ ಕೆಳಗಿನ ಎರಡು ಎಲುಬುಗಳಲ್ಲಿ ದಪ್ಪದ್ದು ಟಿಬಿಯಾ, ಅಂದರೆ ಕೊಳಲು. ತೆಳ್ಳಗಿನದು ಫಿಬುಲಾ, ಅಂದರೆ ಬಟ್ಟೆಗೆ ಚುಚ್ಚುವ ಪಿನ್ನು. ಟಿಬಿಯಾ ಪಕ್ಕದಲ್ಲಿ ಫಿಬುಲಾ ಇಟ್ಟು ನೋಡು, ಪಿನ್ನಿನ ಸೂಜಿಯ ಹಾಗೇ ಕಾಣುತ್ತದೆ. ಮಣಿಕಟ್ಟಿನಲ್ಲಿ ಸ್ಕಾಫಾಯ್ಡ್ ದೋಣಿ, ಲೂನೇಟ್ ಚಂದ್ರ, ಪಿಸಿಫಾರ್ಮ್ ಬಟಾಣಿ ಕಾಳು. ಬೆನ್ನಿನ ತುದಿಯ ಕಾಕ್ಸಿಕ್ಸ್‌ಗೆ ಆ ಹೆಸರು ಬಂದದ್ದು ಗ್ರೀಕ್ ಭಾಷೆಯ ಕೋಗಿಲೆಯಿಂದ. ಅದರ ಆಕಾರ ಕೋಗಿಲೆಯ ಕೊಕ್ಕಿನ ಹಾಗಿದೆ. ತೊಡೆಮೂಳೆಯ ತಲೆ ಕೂರುವ ಅಸೆಟಾಬುಲಂ ಅಂದರೆ ವಿನೆಗರ್ ಇಡುವ ಬಟ್ಟಲು.

ಹಳೆಯ ಕಾಲದವರು ಕಂಡದ್ದಕ್ಕೆಲ್ಲ ಮನೆಯಲ್ಲಿದ್ದ ವಸ್ತುವಿನ ಹೆಸರಿಟ್ಟರು. ನಮಗೆ ಅದು ಮಂತ್ರದ ಹಾಗೆ ಕೇಳಿಸುತ್ತದೆ, ಅಷ್ಟೇ. ಪುಸ್ತಕ ಅನುವಾದ ಮಾಡಬೇಡ. ಹೆಸರಿನ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಒಂದೇ ಒಂದು ಕನ್ನಡ ಪದ ಬರೆ.

ಹಾನಗಲ್_ಹುಡುಗಿ
ಮೇಡಂ, ಇದನ್ನು ಯಾರೂ ಹೇಳಿರಲಿಲ್ಲ. ಈಗಲೇ ಬೋನ್ ಸೆಟ್ ತೆಗೆದು ಎರಡೂ ಎಲುಬು ಪಕ್ಕಪಕ್ಕ ಇಟ್ಟು ನೋಡಿದೆ. ನಿಜವಾಗಿಯೂ ಪಿನ್ನು!

ಗ್ಯಾಸ್ಟ್ರಾಕ್ನೀಮಿಯಸ್‌ಗೆ ಏನರ್ಥ? ಅದೊಂದು ಹೆಸರು ನೋಡಿದರೇ ಭಯ ಆಗುತ್ತದೆ.

ಎಲುಬಿನ_ಟೀಚರ್
ಕಾಲಿನ ಹೊಟ್ಟೆ. ಗ್ರೀಕ್‌ನಲ್ಲಿ ಗ್ಯಾಸ್ಟರ್ ಅಂದರೆ ಹೊಟ್ಟೆ, ನೀಮೆ ಅಂದರೆ ಕಾಲು. ನಿಮ್ಮ ಕಡೆ ಆ ಜಾಗಕ್ಕೆ ಏನನ್ನುತ್ತಾರೆ?

ಹಾನಗಲ್_ಹುಡುಗಿ
ಮೀನಖಂಡ! ಅವ್ವ ದಿನವಿಡೀ ಹೊಲದಲ್ಲಿ ಕಳೆ ತೆಗೆದು ಬಂದರೆ ರಾತ್ರಿ ಮೀನಖಂಡ ಹಿಡಿದಿದೆ, ಎಣ್ಣೆ ಹಚ್ಚಿ ತಿಕ್ಕು ಅನ್ನುತ್ತಾಳೆ. ಎಷ್ಟು ಸಲ ತಿಕ್ಕಿದ್ದೇನೋ ಲೆಕ್ಕವಿಲ್ಲ. ಎರಡು ಉಬ್ಬು ಇರುತ್ತವೆ, ಕೆಳಗೆ ಸಣ್ಣಗಾಗಿ ಹಿಮ್ಮಡಿಗೆ ಸೇರುತ್ತವೆ. ಅಂದರೆ ಅದರ ಎರಡು ಹೆಡ್‌ಗಳನ್ನು ಪುಸ್ತಕದಲ್ಲಿ ಓದುವ ಮೊದಲೇ ಕೈಯಲ್ಲಿ ಮುಟ್ಟಿದ್ದೇನೆ.

ಎಲುಬಿನ_ಟೀಚರ್
ಹೌದು. ಮಸಲ್ ಅನ್ನುವ ಪದವೇ ಲ್ಯಾಟಿನ್‌ನ ಇಲಿಮರಿಯಿಂದ ಬಂದದ್ದು. ಚರ್ಮದ ಕೆಳಗೆ ಸರಿದಾಡುವುದು ಅವರಿಗೆ ಇಲಿಯ ಹಾಗೆ ಕಂಡಿತು, ನಮ್ಮವರಿಗೆ ಮೀನಿನ ಹಾಗೆ.

ನೆಕರ್_ದಂಡೆ
ಓದಿ ತುಂಬಾ ಖುಷಿಯಾಯಿತು. ನಾನು ಧಾರವಾಡದವನು, ಜರ್ಮನಿಯಲ್ಲಿ ಮೆಡಿಸಿನ್ ಎರಡನೇ ವರ್ಷ. ಇಲ್ಲಿ ನಾಲ್ಕು ಸೆಮಿಸ್ಟರ್ ಆದ ಮೇಲೆ ಫಿಸಿಕುಮ್ ಅಂತ ಒಂದು ಸರ್ಕಾರಿ ಪರೀಕ್ಷೆ. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಎಲ್ಲ ಅದರಲ್ಲೇ ಬರುತ್ತದೆ.

ಜರ್ಮನ್ನರು ಪ್ರತಿ ಅಂಗಕ್ಕೂ ಎರಡು ಹೆಸರು ಕಲಿಯುತ್ತಾರೆ. ಪರೀಕ್ಷೆಗೆ ಲ್ಯಾಟಿನ್, ರೋಗಿಗೆ ಜರ್ಮನ್. ಕ್ಲಾವಿಕಲ್‌ಗೆ ಶ್ಲುಸೆಲ್‌ಬೈನ್ ಅನ್ನುತ್ತಾರೆ, ಕೀಲಿ ಎಲುಬು ಅಂತಲೇ ಅರ್ಥ. ಪ್ಯಾಂಕ್ರಿಯಾಸ್‌ಗೆ ಅವರ ಹೆಸರು ಹೊಟ್ಟೆಯ ಜೊಲ್ಲಿನ ಗ್ರಂಥಿ. ಮಂಡಿಚಿಪ್ಪಿಗೆ ಮಂಡಿಯ ಬಿಲ್ಲೆ. ಇಲ್ಲಿನ ಪ್ರೊಫೆಸರ್‌ಗಳು ಆ ಪದಗಳನ್ನು ಕ್ಲಾಸಿನಲ್ಲಿ ಧೈರ್ಯವಾಗಿ ಬಳಸುತ್ತಾರೆ. ಯಾರೂ ಕೀಳಾಗಿ ನೋಡುವುದಿಲ್ಲ.

ಸರ್ಕಲ್_ಮಂಜ
ಹಾಗಾದರೆ ಇಲ್ಲೂ ಎಂಬಿಬಿಎಸ್ ಪೂರ್ತಿ ಕನ್ನಡದಲ್ಲೇ ಮಾಡಬಹುದಲ್ವಾ? ಮಧ್ಯಪ್ರದೇಶದಲ್ಲಿ 2022ರ ಅಕ್ಟೋಬರ್‌ನಲ್ಲಿ ಮೊದಲ ವರ್ಷದ ಮೂರೂ ವಿಷಯಕ್ಕೆ ಹಿಂದಿ ಪುಸ್ತಕ ತಂದರು. ನಮಗೇನು ಕಡಿಮೆ?

ರಾತ್ರಿ_ಡ್ಯೂಟಿ
ಆ ಪುಸ್ತಕಗಳಲ್ಲೂ ಹೆಸರುಗಳೆಲ್ಲ ಇಂಗ್ಲಿಷಿನವೇ. ಲಿಪಿ ಮಾತ್ರ ದೇವನಾಗರಿ. ನಾಳೆ ಪಿಜಿ ಓದಬೇಕು, ಹೊಸ ಸಂಶೋಧನೆ ಓದಬೇಕು, ಬೇರೆ ರಾಜ್ಯದ ಡಾಕ್ಟರ್ ಹತ್ತಿರ ಮಾತಾಡಬೇಕು. ಅದಕ್ಕೆಲ್ಲ ಇಂಗ್ಲಿಷ್ ಬೇಕೇ ಬೇಕು. ಹಳ್ಳಿಯಿಂದ ಬಂದ ಮಕ್ಕಳನ್ನೇ ಇನ್ನೊಂದು ಬೇಲಿಯೊಳಗೆ ಕೂರಿಸಿದ ಹಾಗಾಗುತ್ತದೆ.

ಸರ್ಕಲ್_ಮಂಜ
ಹೆಸರು ಇಂಗ್ಲಿಷಿನಲ್ಲೇ ಇರಲಿ, ವಿವರಣೆ ಕನ್ನಡದಲ್ಲಿ ಇರಲಿ ಅಂದರೆ ತಪ್ಪೇನು? ಆ ಹುಡುಗಿಗೆ ಉತ್ತರ ಗೊತ್ತಿತ್ತು. ವಾಪಸ್ ಕಳಿಸಿದ್ದು ಅನಾಟಮಿ ಬರಲಿಲ್ಲ ಅಂತ ಅಲ್ಲ, ಇಂಗ್ಲಿಷ್ ಬರಲಿಲ್ಲ ಅಂತ. ಇದಕ್ಕೆ ನನಗೆ ಸಿಟ್ಟು ಬರುತ್ತದೆ. ಸೀಟು ಕೊಡುವಾಗ ಕನ್ನಡ ಮೀಡಿಯಂ ಕೋಟಾ ಇದೆ. ಸೀಟು ಸಿಕ್ಕಿದ ಮೇಲೆ ಆ ಮಕ್ಕಳ ಕೈ ಯಾರು ಹಿಡಿಯುತ್ತಾರೆ?

ರಾತ್ರಿ_ಡ್ಯೂಟಿ
ಈ ಮಾತು ಒಪ್ಪಿದೆ. ಮೊದಲ ಎರಡು ತಿಂಗಳು ವೈವಾದಲ್ಲಿ ಕನ್ನಡಕ್ಕೆ ಅವಕಾಶ ಇರಬೇಕು. ಅದು ಟೀಚರ್‌ಗಳ ಕೈಯಲ್ಲೇ ಇದೆ.

ನರ್ಸಮ್ಮ_ವಿಜಯಪುರ
ನಮ್ಮ ಬಗ್ಗೆಯೂ ಸ್ವಲ್ಪ ಹೇಳುತ್ತೇನೆ. ಬಿಎಸ್ಸಿ ನರ್ಸಿಂಗ್‌ನಲ್ಲಿ ಅನಾಟಮಿ, ಫಿಸಿಯಾಲಜಿ ಎರಡೂ ಮೊದಲ ಸೆಮಿಸ್ಟರ್‌ನಲ್ಲೇ ಬರುತ್ತವೆ. ಇಷ್ಟು ಆಳಕ್ಕೆ ಹೋಗುವುದಿಲ್ಲ, ಆದರೆ ಓದಿದ್ದು ವಾರ್ಡಿಗೆ ಹೋದ ದಿನವೇ ಬೇಕಾಗುತ್ತದೆ. ಸೊಂಟಕ್ಕೆ ಇಂಜೆಕ್ಷನ್ ಕೊಡುವಾಗ ಪಿರ್ರೆಯನ್ನು ಮನಸ್ಸಿನಲ್ಲೇ ನಾಲ್ಕು ಭಾಗ ಮಾಡಿ ಮೇಲಿನ ಹೊರಗಿನ ಭಾಗಕ್ಕೇ ಚುಚ್ಚಬೇಕು. ಒಳಗಡೆ, ಕೆಳಗಡೆ ಹೋದರೆ ಸಯಾಟಿಕ್ ನರ ಇದೆ. ಆ ನರಕ್ಕೆ ಪೆಟ್ಟಾದರೆ ಪಾದ ಎತ್ತಲು ಬರುವುದಿಲ್ಲ. ಇದು ತಿಳಿದ ಮೇಲೆ ಅನಾಟಮಿ ನನಗೆ ಪರೀಕ್ಷೆಯ ಪಾಠ ಅನಿಸಲೇ ಇಲ್ಲ.

ಬೆಣ್ಣೆ_ದೋಸೆ_ದಾವಣಗೆರೆ
ಮಣಿಕಟ್ಟಿನ ಎಂಟು ಎಲುಬಿಗೆ ನಾವು ಕನ್ನಡದಲ್ಲೇ ಒಂದು ಸಾಲು ಕಟ್ಟಿಕೊಂಡಿದ್ದೆವು. ‘ಸಣ್ಣ ಲಕ್ಷ್ಮಿ ತಿಂದಳು ಪುರಿ, ತಮ್ಮ ತಂದ ಕಡಲೆ ಹುರಿ.’ ಸ್ಕಾಫಾಯ್ಡ್, ಲೂನೇಟ್, ಟ್ರೈಕ್ವೆಟ್ರಲ್, ಪಿಸಿಫಾರ್ಮ್. ಕೆಳಗಿನ ಸಾಲು ಟ್ರಪೀಜಿಯಂ, ಟ್ರಪಿಜಾಯ್ಡ್, ಕ್ಯಾಪಿಟೇಟ್, ಹ್ಯಾಮೇಟ್. ಕಿರುಬೆರಳ ಕಡೆಯಿಂದ ಎಣಿಸಬೇಕು.

ಎಲುಬಿನ_ಟೀಚರ್
ತಪ್ಪು, ತಪ್ಪು. ಹೆಬ್ಬೆರಳ ಕಡೆಯಿಂದ ಎಣಿಸಬೇಕು, ಎರಡೂ ಸಾಲಿಗೆ. ಇದನ್ನು ಸರಿಯಾಗಿ ಹಿಡಿಯದಿದ್ದರೆ ಪೂರ್ತಿ ತಿರುಗುಮುರುಗಾಗುತ್ತದೆ. ಸಾಲು ಮಾತ್ರ ಚೆನ್ನಾಗಿದೆ, ನಾಳೆಯೇ ಕ್ಲಾಸಿನಲ್ಲಿ ಹೇಳುತ್ತೇನೆ.

ಬೆಣ್ಣೆ_ದೋಸೆ_ದಾವಣಗೆರೆ
ಹೌದು ಮೇಡಂ, ಹೆಬ್ಬೆರಳೇ. ಓದಿ ಎಂಟು ವರ್ಷ ಆಯಿತು, ತಪ್ಪು ಬರೆದೆ. ಎಲ್ಲರೂ ತಿದ್ದಿಕೊಳ್ಳಿ.

ಕಾಫಿತೋಟ
ಸ್ಕಾಫಾಯ್ಡ್ ಅಂದಾಗ ನನಗೆ ನೆನಪಾಗುವುದು ನಮ್ಮಜ್ಜ. ಅಜ್ಜ ಹೆಬ್ಬೆರಳನ್ನು ಚಾಚಿ ಮೇಲಕ್ಕೆತ್ತುತ್ತಿದ್ದರು. ಬುಡದಲ್ಲಿ ಎರಡು ಹಗ್ಗದಂಥ ಗೆರೆ ಎದ್ದು ನಡುವೆ ಗುಂಡಿ ಬೀಳುತ್ತಿತ್ತು. ಅದರೊಳಗೆ ಒಂದು ಚಿಟಿಕೆ ನಶ್ಯ ಹಾಕಿ ಮೂಗಿಗೆ ಏರಿಸುತ್ತಿದ್ದರು. ಕಾಲೇಜಿನಲ್ಲಿ ಆ ಗುಂಡಿಗೆ ಅನಾಟಮಿಕಲ್ ಸ್ನಫ್‌ಬಾಕ್ಸ್ ಅಂತಲೇ ಹೆಸರು ಅಂದಾಗ ಕಣ್ಣಲ್ಲಿ ನೀರು ಬಂತು. ನಶ್ಯದ ಡಬ್ಬಿ!

ಕೈ ಊರಿಕೊಂಡು ಬಿದ್ದವರಿಗೆ ಆ ಗುಂಡಿಯಲ್ಲಿ ಒತ್ತಿದರೆ ನೋವು ಅಂದರೆ ಸ್ಕಾಫಾಯ್ಡ್ ಮುರಿದಿರಬಹುದು ಅಂತ ಅನುಮಾನ ಪಡಬೇಕು. ಮೊದಲ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಈಗ ಪಿಎಚ್‌ಸಿಯಲ್ಲಿ ಬೈಕಿನಿಂದ ಬಿದ್ದು ಬಂದವರ ಕೈಯಲ್ಲಿ ನಾನು ಮೊದಲು ಒತ್ತುವುದೇ ಅಲ್ಲಿ.

ಗಂಗಾವತಿ_99
ಮೊಣಕೈ ತಾಗಿದರೆ ಕರೆಂಟ್ ಹೊಡೆದ ಹಾಗೆ ಆಗುತ್ತದಲ್ಲ, ಅದು ಯಾವ ಎಲುಬು?

ಕಾಫಿತೋಟ
ಅದು ಎಲುಬಲ್ಲ, ಅಲ್ನಾರ್ ನರ. ಮೊಣಕೈಯ ಒಳಬದಿಯ ಗಂಟಿನ ಹಿಂದೆ ಚರ್ಮದ ಕೆಳಗೇ ಹೋಗುತ್ತದೆ. ಮುಟ್ಟಿ ನೋಡಿ, ದಾರದ ಹಾಗೆ ಸಿಗುತ್ತದೆ. ಜುಮ್ಮೆನ್ನುವುದು ಕಿರುಬೆರಳು ಮತ್ತು ಉಂಗುರ ಬೆರಳಿನ ಅರ್ಧದವರೆಗೆ. ಆ ನರ ಎಲ್ಲಿಗೆ ಹೋಗುತ್ತದೆ ಅಂತ ನಿಮ್ಮ ಕೈಯೇ ಹೇಳಿಕೊಟ್ಟ ಹಾಗಾಯಿತು.

ನಿವೃತ್ತ_ಫಿಸಿಯಾಲಜಿ
ಎಲ್ಲರೂ ಅನಾಟಮಿಯಲ್ಲೇ ಇದ್ದೀರಿ, ನಮ್ಮ ಫಿಸಿಯಾಲಜಿಯನ್ನು ಮರೆತಿರಿ. ಅದರಲ್ಲಿ 31 ಬಂದಿದೆ ಅಂತ ಬಿಟ್ಟುಬಿಡಬೇಡಮ್ಮ. ಎರಡನ್ನೂ ಒಟ್ಟಿಗೆ ಓದು. ನಾನು ಮಕ್ಕಳಿಗೆ ಯಾವಾಗಲೂ ಲೆಕ್ಕ ಹಾಕಿಸುತ್ತಿದ್ದೆ. ಒಂದು ಬಡಿತಕ್ಕೆ ಹೃದಯ ಸುಮಾರು 70 ಮಿಲಿ ರಕ್ತ ದೂಡುತ್ತದೆ, ಒಂದು ಬೈಟು ಕಾಫಿಯಷ್ಟು. ನಿಮಿಷಕ್ಕೆ 72 ಬಡಿತ. ಗುಣಿಸಿದರೆ 5 ಲೀಟರ್. ಮೈಯಲ್ಲಿರುವ ರಕ್ತವೇ ಸುಮಾರು 5 ಲೀಟರ್. ಅಂದರೆ ಒಂದೇ ನಿಮಿಷದಲ್ಲಿ ಪೂರ್ತಿ ಒಂದು ಸುತ್ತು.

ಮೂತ್ರಪಿಂಡ ತಗೋ. ದಿನಕ್ಕೆ 180 ಲೀಟರ್ ಸೋಸುತ್ತದೆ. ಮನೆಗೆ ತರಿಸುವ 20 ಲೀಟರ್ ನೀರಿನ ಕ್ಯಾನ್ ಒಂಬತ್ತು ಸಾಲಾಗಿ ಇಟ್ಟುಕೊ. ಅದರಲ್ಲಿ ಹೊರಗೆ ಹೋಗುವುದು ಒಂದೂವರೆ ಲೀಟರ್. ಉಳಿದದ್ದೆಲ್ಲ ವಾಪಸ್ ರಕ್ತಕ್ಕೆ. ಇದನ್ನು ತಿಳಿದ ಮೇಲೆ ಮೂತ್ರಪಿಂಡದೊಳಗಿನ ಸಣ್ಣ ಸೋಸುಕ ನೆಫ್ರಾನ್‌ನ ಕೊಳವೆ ಯಾಕೆ ಅಷ್ಟು ಉದ್ದ, ಅಷ್ಟು ಸುತ್ತು ಅಂತ ಕೇಳಬೇಕಾಗಿಲ್ಲ. ಅಷ್ಟು ನೀರು ಹಿಂದಕ್ಕೆ ಎಳೆದುಕೊಳ್ಳಬೇಕಲ್ಲ! ಕೆಲಸ ತಿಳಿದರೆ ಆಕಾರ ನೆನಪಿರುತ್ತದೆ.

ಗಂಗಾವತಿ_99
ಸರ್, ರಕ್ತದ ಬಣ್ಣ ನೋಡಿ ಅಳೆಯುವ ಸಾಹ್ಲಿ ವಿಧಾನದಲ್ಲಿ ನನ್ನ ಹಿಮೋಗ್ಲೋಬಿನ್ ಪ್ರತಿ ಸಲ ಬೇರೆ ಬೇರೆ ಬರುತ್ತದೆ. ಒಮ್ಮೆ 11, ಒಮ್ಮೆ 14. ಬೆರಳು ಚುಚ್ಚಿಕೊಂಡು ಚುಚ್ಚಿಕೊಂಡು ಸಾಕಾಗಿದೆ.

ನಿವೃತ್ತ_ಫಿಸಿಯಾಲಜಿ
ಬೆರಳನ್ನು ಹಿಂಡುತ್ತೀಯಾ? ಹಿಂಡಬಾರದು. ಹಿಂಡಿದರೆ ರಕ್ತದ ಜೊತೆ ಅಂಗಾಂಶದ ನೀರೂ ಸೇರಿ ತೆಳ್ಳಗಾಗುತ್ತದೆ. ಆಳವಾಗಿ ಒಂದೇ ಸಲ ಚುಚ್ಚು, ಮೊದಲ ಹನಿ ಒರೆಸು, ಎರಡನೆಯದನ್ನು ತಗೋ. ಪಿಪೆಟ್ಟಿನ ಹೊರಮೈ ಒರೆಸಲು ಮರೆಯಬೇಡ. ಆಸಿಡ್‌ಗೆ ಹಾಕಿದ ಮೇಲೆ ಹತ್ತು ನಿಮಿಷ ಬಿಡಬೇಕು, ಆಗಲೇ ಕಂದು ಬಣ್ಣ ಪೂರ್ತಿ ಬರುವುದು. ಎಲ್ಲರೂ ಅವಸರ ಮಾಡುವುದು ಅಲ್ಲೇ. ಆಮೇಲೆ ನೀರು ಒಂದೊಂದೇ ಹನಿ. ಬಣ್ಣ ನೋಡುವಾಗ ಕಲಕುವ ಕಡ್ಡಿಯನ್ನು ದ್ರವದಿಂದ ಮೇಲೆ ಎತ್ತಿ ನೋಡು.

ಗಂಗಾವತಿ_99
ನಾನು ಎರಡು ನಿಮಿಷವೂ ಕಾಯುತ್ತಿರಲಿಲ್ಲ ಸರ್. ಥ್ಯಾಂಕ್ಸ್.

ಸರ್ಕಲ್_ಮಂಜ
ನಾನು ಡಾಕ್ಟರ್ ಅಲ್ಲ, ಅಂಗಡಿ ಇಟ್ಟುಕೊಂಡಿದ್ದೇನೆ. ಇವೆಲ್ಲ ಓದಿ ಒಂದು ಪ್ರಶ್ನೆ ಬಂತು. ಈಗ ದೊಡ್ಡ ಕಂಪ್ಯೂಟರ್ ಟೇಬಲ್‌ಗಳಲ್ಲಿ ಇಡೀ ದೇಹ ತೋರಿಸುತ್ತಾರಂತಲ್ಲ. ಹಾಗಿದ್ದಾಗ ನಿಜವಾದ ದೇಹ ಯಾಕೆ ಬೇಕು?

ರಾತ್ರಿ_ಡ್ಯೂಟಿ
ಪರದೆಯ ಮೇಲೆ ಅಪಧಮನಿ ಕೆಂಪು, ಅಭಿಧಮನಿ ನೀಲಿ, ನರ ಹಳದಿ. ನಿಜವಾದ ದೇಹದಲ್ಲಿ ಹಾಗೆ ಬಣ್ಣ ಬಳಿದಿರುವುದಿಲ್ಲ. ಮುಟ್ಟಿ ನೋಡಿಯೇ ಹೇಳಬೇಕು. ಅಪಧಮನಿಯ ಗೋಡೆ ದಪ್ಪ, ಅಭಿಧಮನಿ ಚಪ್ಪಟೆಯಾಗಿ ಬಿದ್ದಿರುತ್ತದೆ, ನರ ಗಟ್ಟಿ ಹಗ್ಗದ ಹಾಗೆ. ಅದೂ ಅಲ್ಲದೆ ಒಬ್ಬರಿದ್ದ ಹಾಗೆ ಇನ್ನೊಬ್ಬರು ಇರುವುದಿಲ್ಲ. ನಮ್ಮ ಟೇಬಲ್‌ನ ದೇಹದಲ್ಲಿ ತೋಳಿನ ಅಪಧಮನಿ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ತುಂಬಾ ಮೇಲೆಯೇ ಕವಲೊಡೆದಿತ್ತು. ಆಪರೇಷನ್ ಥಿಯೇಟರ್‌ನಲ್ಲಿ ಇದು ಪ್ರಾಣದ ಪ್ರಶ್ನೆ.

ಬೆಳಗಾವಿ_ಕುಂದಾ
ನಿಜವಾದ ದೇಹದ ಮಾತು ಬಂದಿದ್ದರಿಂದ ದೇಹದಾನದ ಬಗ್ಗೆ ಹೇಳುತ್ತೇನೆ. ಬೈಲಹೊಂಗಲದ ಡಾ. ಬಸವಣ್ಣೆಪ್ಪ ರಾಮಣ್ಣವರ ಅವರು ತಮ್ಮ ದೇಹವನ್ನು ದಾನ ಮಾಡಿದ್ದರು. 2010ರಲ್ಲಿ ಅವರ ಮಗ ಡಾ. ಮಹಾಂತೇಶ ರಾಮಣ್ಣವರ ಅವರೇ ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಎದುರು ತಂದೆಯ ದೇಹವನ್ನು ಡಿಸೆಕ್ಷನ್ ಮಾಡಿದರು. ತಂದೆಯ ಆಸೆಯೇ ಅದಾಗಿತ್ತು. ನಮ್ಮ ಕಡೆ ದೇಹದಾನದ ಬಗ್ಗೆ ಜನ ಮಾತಾಡಲು ಶುರು ಮಾಡಿದ್ದು ಅದರಿಂದಲೇ ಅಂತ ನನ್ನ ಅನಿಸಿಕೆ.

ತುಂಗೆಯ_ಮಗಳು
ನಮ್ಮಪ್ಪ ಮೇಷ್ಟ್ರು. ಮೂರು ವರ್ಷದ ಹಿಂದೆ ತೀರಿಕೊಂಡರು. ಮೊದಲೇ ಫಾರ್ಮ್ ತುಂಬಿಟ್ಟಿದ್ದರು. ಸಂಬಂಧಿಕರು ತುಂಬಾ ಜಗಳ ಮಾಡಿದರು. ಮಣ್ಣು ಮಾಡದೆ, ಸುಡದೆ ಹೇಗೆ ಕೊಡುತ್ತೀರಿ, ಮುಕ್ತಿ ಹೇಗೆ ಸಿಗುತ್ತದೆ ಅಂದರು. ಅಮ್ಮ ಒಂದೇ ಮಾತು ಹೇಳಿದರು: ಮೂವತ್ತಾರು ವರ್ಷ ಪಾಠ ಮಾಡಿದರು, ಇನ್ನೂ ಒಂದು ವರ್ಷ ಮಾಡಲಿ ಬಿಡಿ.

ನನಗೆ ಯಾವಾಗಲೂ ಒಂದು ಸಂಕಟ ಇತ್ತು. ಅಲ್ಲಿ ಮಕ್ಕಳು ಹೇಗೆ ನಡೆದುಕೊಳ್ಳುತ್ತಾರೋ, ನಗುತ್ತಾರೋ ಅಂತ. ಇಲ್ಲಿ ಓದುತ್ತಿರುವವರು ನಿಜ ಹೇಳಿ.

ಹಾನಗಲ್_ಹುಡುಗಿ
ಅಕ್ಕಾ, ನಾನು ಹೇಳುತ್ತೇನೆ. ಮೊದಲ ದಿನ ನಮ್ಮನ್ನೆಲ್ಲ ನಿಲ್ಲಿಸಿ ಪ್ರತಿಜ್ಞೆ ಮಾಡಿಸಿದರು. ಈ ದೇಹವೇ ನಿಮ್ಮ ಮೊದಲ ಗುರು, ಗೌರವದಿಂದ ನಡೆದುಕೊಳ್ಳಿ ಅಂತ. ಟೇಬಲ್ ಮೇಲೆ ಹೂವು ಇಟ್ಟೆವು. ದೇಹ ಕೆಡದಂತೆ ಹಾಕುವ ಫಾರ್ಮಲಿನ್‌ಗೆ ಎಲ್ಲರ ಕಣ್ಣಲ್ಲೂ ನೀರು. ನನ್ನ ಕಣ್ಣೀರು ಫಾರ್ಮಲಿನ್‌ದು ಮಾತ್ರ ಅಲ್ಲ.

ನಮ್ಮ ಟೇಬಲ್‌ನಲ್ಲಿ ಇರುವವರು ಒಬ್ಬ ಅಜ್ಜಿ. ಹೆಸರು ಗೊತ್ತಿಲ್ಲ. ಎಡಗೈ ಮೇಲೆ ಹಚ್ಚೆ ಇದೆ, ಸಣ್ಣ ತುಳಸಿಕಟ್ಟೆ. ನಮ್ಮ ಅಮ್ಮಮ್ಮನ ಕೈಯಲ್ಲೂ ಅಂಥದೇ ಇತ್ತು. ಚರ್ಮ ಬಿಡಿಸುವ ದಿನ ನಾವು ಎಂಟು ಜನ ಆ ಕೈಯನ್ನು ಕೊನೆಗೆ ಇಟ್ಟುಕೊಂಡೆವು. ಯಾರೂ ನಗಲಿಲ್ಲ ಅಕ್ಕಾ.

ತುಂಗೆಯ_ಮಗಳು
ಇದನ್ನು ಅಮ್ಮನಿಗೆ ಓದಿ ಹೇಳಿದೆ. ನಿನಗೆ ಒಳ್ಳೆಯದಾಗಲಿ ಅಂದರು.

ನೆಕರ್_ದಂಡೆ
ಇಲ್ಲಿ ಡಿಸೆಕ್ಷನ್ ಕೋರ್ಸ್ ಮುಗಿದ ಮೇಲೆ ವಿದ್ಯಾರ್ಥಿಗಳೇ ಸೇರಿ ಒಂದು ಸ್ಮರಣೆಯ ಸಭೆ ಮಾಡುತ್ತಾರೆ. ದಾನ ಮಾಡಿದವರ ಮನೆಯವರನ್ನು ಕರೆಯುತ್ತಾರೆ. ನಮ್ಮ ಎಲ್ಲ ಕಾಲೇಜುಗಳಲ್ಲೂ ಇದು ಆಗಬೇಕು.

ಎಲುಬಿನ_ಟೀಚರ್
ಆಗಬೇಕು. ನಮ್ಮಲ್ಲಿ ಈ ವರ್ಷವೇ ಮಾಡಿಸುತ್ತೇನೆ. ತುಂಗೆಯ ಮಗಳು, ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ಹೇಳಿ.

ಬೆಣ್ಣೆ_ದೋಸೆ_ದಾವಣಗೆರೆ
ರಜೆಯಲ್ಲಿ ಮಣಿಪಾಲದ ಅನಾಟಮಿ ಮ್ಯೂಸಿಯಂಗೆ ಹೋಗಿ ಬನ್ನಿ. ಟಿಕೆಟ್ ತಗೊಂಡು ಸಾರ್ವಜನಿಕರೂ ನೋಡಬಹುದು. ಆನೆಯ ಅಸ್ಥಿಪಂಜರವೂ ಇದೆ. ಮಂಜಣ್ಣ, ನೀವೂ ಮಕ್ಕಳನ್ನು ಕರೆದುಕೊಂಡು ಹೋಗಿ.

ಸರ್ಕಲ್_ಮಂಜ
ಖಂಡಿತ ಹೋಗುತ್ತೇನೆ. ಆದರೂ ವೈವಾ ಕನ್ನಡದಲ್ಲಿ ಇರಬೇಕು ಅನ್ನುವ ಮಾತನ್ನು ನಾನು ಬಿಡುವುದಿಲ್ಲ.

ಹಾನಗಲ್_ಹುಡುಗಿ
ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಮೇಲಿನ ಕೈಯ ಪಾರ್ಟ್ ಮುಗಿದು ನಿನ್ನೆ ಮತ್ತೆ ವೈವಾ ಆಯಿತು. ಅದೇ ಮೇಡಂ. ಈ ಸಲ ತೋಳಿನ ಎಲುಬು ಹ್ಯೂಮರಸ್ ಕೊಟ್ಟರು. ಹಿಂಬದಿಯ ಗ್ರೂವ್‌ನಲ್ಲಿ (ಕಾಲುವೆಯಲ್ಲಿ) ಏನು ಹೋಗುತ್ತದೆ ಅಂದರು. ರೇಡಿಯಲ್ ನರ್ವ್ ಅಂದೆ. ಅಲ್ಲಿ ಮುರಿದರೆ ಏನಾಗುತ್ತದೆ ಅಂದರು. ಬಾಯಿ ಒಣಗಿತು. ಧೈರ್ಯ ಮಾಡಿ, ಮೇಡಂ, ಮೊದಲು ಕನ್ನಡದಲ್ಲಿ ಹೇಳಲಾ ಅಂದೆ. ಒಂದು ಕ್ಷಣ ನನ್ನನ್ನೇ ನೋಡಿ, ಹೇಳು ಅಂದರು. ಮಣಿಕಟ್ಟು ಎತ್ತಲು ಬರುವುದಿಲ್ಲ, ಅಂಗೈ ಜೋತು ಬೀಳುತ್ತದೆ ಅಂತ ಕೈ ಮಾಡಿ ತೋರಿಸಿದೆ. ಈಗ ಅದನ್ನೇ ಇಂಗ್ಲಿಷಿನಲ್ಲಿ ಹೇಳು ಅಂದರು. ತಡವರಿಸುತ್ತಾ ಹೇಳಿದೆ. ಅವರೇ ಎರಡು ಪದ ತಿದ್ದಿದರು. 50ಕ್ಕೆ 28.

ಪ್ಲೆಕ್ಸಸ್ ಈಗ ಬರುತ್ತದೆ. ಐದು ಬೇರು, ಮೂರು ಕಾಂಡ, ಆರು ಸೀಳು, ಮೂರು ಹುರಿ, ಐದು ಕೊಂಬೆ. ಹೀಗೆ ಪೆನ್ಸಿಲ್‌ನಲ್ಲಿ ಬರೆದುಕೊಂಡ ಮೇಲೆ ಒಂದು ದಿನವೂ ಮರೆತಿಲ್ಲ.

ಸೋಮವಾರದಿಂದ ಎದೆ ಶುರು. ಪಕ್ಕೆಲುಬು ಎಣಿಸುವುದೇ ಗೊತ್ತಾಗುತ್ತಿಲ್ಲ. ಮೊದಲನೆಯದು ಕೈಗೆ ಸಿಗುವುದೇ ಇಲ್ಲವಲ್ಲ?

ರಾತ್ರಿ_ಡ್ಯೂಟಿ
ಸಿಗುವುದಿಲ್ಲ, ಕೀಲಿ ಎಲುಬಿನ ಕೆಳಗೆ ಅಡಗಿರುತ್ತದೆ. ಗಂಟಲ ಗುಂಡಿಯಿಂದ ಎದೆಮೂಳೆಯ ಮೇಲೆ ಬೆರಳನ್ನು ಕೆಳಗೆ ಜಾರಿಸಿಕೊಂಡು ಬಾ. ಒಂದು ಕಡೆ ಅಡ್ಡ ಉಬ್ಬು ತಾಗುತ್ತದೆ, ಅದು ಸ್ಟರ್ನಲ್ ಆ್ಯಂಗಲ್. ಅಲ್ಲಿಂದ ಪಕ್ಕಕ್ಕೆ ಸರಿದರೆ ಸಿಗುವುದು ಎರಡನೇ ಪಕ್ಕೆಲುಬು. ಅಲ್ಲಿಂದ ಕೆಳಗೆ ಎಣಿಸು.